ಗಂಡು ಗಾಡಿ, ಹೆಣ್ಣು ಗಡಿಗೆ

"ನಾವೇನೂ ಹೇಳ್ಕೊಟ್ಟಿಲ್ಲಪ್ಪ, ಅವನೇ ತಾನಾಗಿ ಕಾರು ಹಿಡ್ಕೊಂಡ."

ಈ ಮಾತನ್ನು ನಾನು ಬೆಂಗಳೂರಿನ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಕೇಳಿದ್ದೇನೆ, ಆಫೀಸಿನ ಕ್ಯಾಂಟೀನಿನಲ್ಲಿ ಕೇಳಿದ್ದೇನೆ, ಬೀರೂರು ಜಂಕ್ಷನ್ನಿನಲ್ಲಿ ಶಿವಮೊಗ್ಗದ ರೈಲಿಗೆ ಕಾಯುವಾಗ ಪಕ್ಕದ ಬೆಂಚಿನಲ್ಲೂ ಕೇಳಿದ್ದೇನೆ. ಹೇಳುವವರ ಮುಖದಲ್ಲಿ ಒಂಥರಾ ನಿರಾಳ ಇರುತ್ತದೆ. ಮಗಳಾಗಿದ್ದರೆ "ಅವಳೇ ತಾನಾಗಿ ಗೊಂಬೆ ಎತ್ಕೊಂಡ್ಲು" ಅಂತ. ನಮ್ಮ ಕೈವಾಡ ಏನಿಲ್ಲ, ಎಲ್ಲಾ ಹುಟ್ಟುಗುಣ, ದೇವರು ಮಾಡಿದ್ದು ಅಥವಾ ಹಾರ್ಮೋನು ಮಾಡಿದ್ದು.

ಇದಕ್ಕೆ ಎದುರು ಪಾರ್ಟಿಯೂ ಇದೆ. ಅವರ ಪ್ರಕಾರ ಮಗು ಅನ್ನೋದು ಖಾಲಿ ಸ್ಲೇಟು, ಅದರ ಮೇಲೆ ಬರೆಯೋದೆಲ್ಲಾ ಸಮಾಜ. ಗುಲಾಬಿ ಬಣ್ಣ ತೆಗೆದುಬಿಟ್ಟರೆ, ಜಾಹೀರಾತು ನಿಲ್ಲಿಸಿದರೆ, ಎಲ್ಲ ಮಕ್ಕಳೂ ಎಲ್ಲ ಆಟಿಕೆಗಳನ್ನೂ ಸಮನಾಗಿ ಆಡುತ್ತವೆ.

ನನಗಿನ್ನೂ ಮಕ್ಕಳಿಲ್ಲ. ಆದರೆ ಊರಿಗೆ ಹೋಗುವಾಗಲೆಲ್ಲ ಅಕ್ಕನ ಮಗನಿಗೆ, ಅಣ್ಣನ ಮಗಳಿಗೆ ಏನಾದರೂ ಹಿಡಿದುಕೊಂಡು ಹೋಗುವುದು ನನ್ನದೇ ಕೆಲಸ. ಕಡೂರು ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಯಾಗಲಿ, ಜಾತ್ರೆಯ ಮಳಿಗೆಯಾಗಲಿ, ಬೆಂಗಳೂರಿನ ಮಾಲ್ ಆಗಲಿ, ಅಂಗಡಿಯವರು ಕೇಳುವ ಮೊದಲ ಪ್ರಶ್ನೆ ಒಂದೇ: "ಗಂಡ್ಮಗೂಗಾ ಮೇಡಂ, ಹೆಣ್ಮಗೂಗಾ?" ವಯಸ್ಸು ಎಷ್ಟು ಅನ್ನೋದು ಎರಡನೇ ಪ್ರಶ್ನೆ. ಮಗುವಿಗೆ ಏನಿಷ್ಟ ಅನ್ನೋ ಮೂರನೇ ಪ್ರಶ್ನೆಯನ್ನು ಯಾರೂ ಕೇಳಿದ್ದು ನೆನಪಿಲ್ಲ. ಹಾಗಾಗಿ ಈ ವಿಷಯದಲ್ಲಿ ವಿಜ್ಞಾನ ನಿಜಕ್ಕೂ ಏನು ಹೇಳಿದೆ, ನಾವು ಅದರಲ್ಲಿ ಎಷ್ಟನ್ನು ಮಾತ್ರ ಕೇಳಿಸಿಕೊಂಡಿದ್ದೇವೆ ಅಂತ ಒಮ್ಮೆ ಕೂತು ನೋಡಬೇಕು ಅನ್ನಿಸಿತು.

ಮೊದಲು ಒಪ್ಪಬೇಕಾದ್ದನ್ನು ಒಪ್ಪಿಬಿಡೋಣ. ವ್ಯತ್ಯಾಸ ಇದೆ, ಮತ್ತು ಅದು ಸಣ್ಣದಲ್ಲ. 2018ರಲ್ಲಿ ಬ್ರೆಂಡಾ ಟಾಡ್ ಮತ್ತು ಸಂಗಡಿಗರು 16 ಅಧ್ಯಯನಗಳನ್ನು ಒಟ್ಟಿಗೆ ಸೇರಿಸಿ, ಒಂದರಿಂದ ಎಂಟು ವರ್ಷದ 1,600 ಮಕ್ಕಳ ಲೆಕ್ಕ ಹಾಕಿದರು. 2020ರಲ್ಲಿ ಜಾಕ್ ಡೇವಿಸ್ ಮತ್ತು ಮೆಲಿಸ್ಸಾ ಹೈನ್ಸ್ 75 ಅಧ್ಯಯನಗಳನ್ನು ಜರಡಿ ಹಿಡಿದರು. ಎರಡು ಕಡೆಯೂ ಬಂದ ಉತ್ತರ ಒಂದೇ: ಸರಾಸರಿಯಲ್ಲಿ ಹುಡುಗರು ಗಾಡಿಗಳ ಜೊತೆ, ಹುಡುಗಿಯರು ಗೊಂಬೆಗಳ ಜೊತೆ ಹೆಚ್ಚು ಹೊತ್ತು ಕಳೆಯುತ್ತಾರೆ. ಮನಃಶಾಸ್ತ್ರದಲ್ಲಿ ಗಂಡು ಹೆಣ್ಣಿನ ನಡುವೆ ಕಂಡುಬರುವ ಎಷ್ಟೋ ವ್ಯತ್ಯಾಸಗಳು ಕೂದಲೆಳೆಯಷ್ಟಿರುತ್ತವೆ. ಇದು ಹಾಗಲ್ಲ, ಬರಿಗಣ್ಣಿಗೆ ಕಾಣುವಂಥದ್ದು.

ಹಾರ್ಮೋನಿನ ಪಾತ್ರಕ್ಕೂ ಸಾಕ್ಷಿ ಇದೆ. ಹುಟ್ಟಿನಿಂದಲೇ ಅಡ್ರಿನಲ್ ಗ್ರಂಥಿಯ ಒಂದು ತೊಂದರೆ ಇರುವ ಹೆಣ್ಣುಮಕ್ಕಳಿಗೆ ಗರ್ಭದಲ್ಲಿರುವಾಗಲೇ ಗಂಡು ಹಾರ್ಮೋನು ಹೆಚ್ಚು ಸಿಕ್ಕಿರುತ್ತದೆ. ಇಂಥ ಹುಡುಗಿಯರು ಬೇರೆ ಹುಡುಗಿಯರಿಗಿಂತ ಗಾಡಿಗಳ ಜೊತೆ ಹೆಚ್ಚು ಆಡುತ್ತಾರೆ ಅಂತ ಶೆರಿ ಬೆರೆನ್‌ಬಾಮ್ ಮತ್ತು ಹೈನ್ಸ್ 1992ರಲ್ಲೇ ತೋರಿಸಿದರು. ಅಪ್ಪ ಅಮ್ಮ ಏನಾದರೂ ಗಾಡಿ ಕಡೆ ತಳ್ಳುತ್ತಿದ್ದರಾ? ಇಲ್ಲ. 2005ರ ಒಂದು ಅಧ್ಯಯನದಲ್ಲಿ ಕಂಡದ್ದು ಉಲ್ಟಾ. ಈ ಹೆಣ್ಣುಮಕ್ಕಳು ಗೊಂಬೆ ಮುಟ್ಟಿದಾಗ ಅವರ ತಂದೆತಾಯಿ ಬೇರೆಯವರಿಗಿಂತ ಹೆಚ್ಚು ಹುರಿದುಂಬಿಸುತ್ತಿದ್ದರು. ಆದರೂ ಮಕ್ಕಳು ಗಾಡಿಗೇ ಹೋದರು. ಹಾಗಾಗಿ ‘ಎಲ್ಲಾ ಸಮಾಜದ ಆಟ’ ಅನ್ನುವವರು ಈ ಪುಟವನ್ನು ಹಾರಿಸಿ ಓದುವಂತಿಲ್ಲ.

ಇನ್ನು ಕೋತಿಗಳು. ವಾಟ್ಸ್ಯಾಪ್‌ನಲ್ಲಿ ಈ ಚರ್ಚೆ ಶುರುವಾದರೆ ಐದನೇ ಮೆಸೇಜಿಗೆ ಕೋತಿ ಬಂದೇ ಬರುತ್ತದೆ. 2002ರಲ್ಲಿ ಜೆರಿಯಾನ್ ಅಲೆಕ್ಸಾಂಡರ್ ಮತ್ತು ಅದೇ ಹೈನ್ಸ್ 88 ವರ್ವೆಟ್ ಕೋತಿಗಳ ಮುಂದೆ ಆರು ಆಟಿಕೆ ಇಟ್ಟರು. ಪೊಲೀಸ್ ಕಾರು ಮತ್ತು ಚೆಂಡು ಗಂಡು ಆಟಿಕೆ, ಗೊಂಬೆ ಮತ್ತು ಅಡುಗೆ ಪಾತ್ರೆ ಹೆಣ್ಣು ಆಟಿಕೆ, ಚಿತ್ರಪುಸ್ತಕ ಮತ್ತು ಬಟ್ಟೆ ನಾಯಿ ಎರಡೂ ಅಲ್ಲದವು. ಗಂಡು ಕೋತಿಗಳು ಕಾರು, ಚೆಂಡಿನ ಜೊತೆ ಹೆಚ್ಚು ಹೊತ್ತು ಇದ್ದವು, ಹೆಣ್ಣು ಕೋತಿಗಳು ಗೊಂಬೆ ಮತ್ತು ಪಾತ್ರೆಯ ಜೊತೆ. ಎಲ್ಲರೂ ಕೋತಿ ತೋರಿಸಿ "ನೋಡಿ, ನಿಸರ್ಗ!" ಅಂದರು.

ಇಲ್ಲಿ ನನ್ನ ತಕರಾರು ಶುರುವಾಗುತ್ತದೆ. ಗೊಂಬೆ ಸರಿ, ಮರಿಯ ಥರ ಕಾಣುತ್ತೆ ಅಂತ ಇಟ್ಕೊಳ್ಳೋಣ. ಆದರೆ ಹೆಣ್ಣು ಕೋತಿಗೆ ಪಾತ್ರೆ ಯಾಕೆ ಬೇಕು? ಕೋತಿಗಳ ಸಂಸಾರದಲ್ಲಿ ಸಾರು ಕುದಿಸುವವರು ಯಾರು? ಪಾತ್ರೆಯನ್ನು ‘ಹೆಣ್ಣು ಆಟಿಕೆ’ ಅಂತ ಪಟ್ಟಿಯಲ್ಲಿ ಬರೆದದ್ದು ಕೋತಿಯಲ್ಲ, ಮನುಷ್ಯರು. ಹೆಣ್ಣು ಕೋತಿ ಪಾತ್ರೆ ಹಿಡಿದದ್ದು ಅದರ ಬಣ್ಣಕ್ಕೋ ಆಕಾರಕ್ಕೋ ಹೊಳಪಿಗೋ ಇರಬಹುದು. ಅಡುಗೆಯ ಆಸೆಗಂತೂ ಅಲ್ಲ. ಇದೇ ಪ್ರಶ್ನೆಯನ್ನು ವಿಜ್ಞಾನಿಗಳೂ ಎತ್ತಿದ್ದಾರೆ. 2008ರಲ್ಲಿ ಇನ್ನೊಂದು ತಂಡ ರೀಸಸ್ ಕೋತಿಗಳ ಮೇಲೆ ಪರೀಕ್ಷೆ ಮಾಡಿದಾಗ ಪಾತ್ರೆಯ ಗೋಜಿಗೇ ಹೋಗಲಿಲ್ಲ. ಚಕ್ರದ ಆಟಿಕೆ ಒಂದು ಕಡೆ, ಮೆತ್ತನೆಯ ಬಟ್ಟೆ ಗೊಂಬೆ ಇನ್ನೊಂದು ಕಡೆ. ಗಂಡುಗಳು ಚಕ್ರಕ್ಕೆ ಅಂಟಿಕೊಂಡವು. ಹೆಣ್ಣುಗಳು ಎರಡನ್ನೂ ಹೆಚ್ಚುಕಮ್ಮಿ ಸಮನಾಗಿ ಆಡಿದವು. ವಾಟ್ಸ್ಯಾಪ್‌ನಲ್ಲಿ ಈ ಎರಡನೇ ಕೋತಿಗಳು ಕಾಣಿಸಿಕೊಳ್ಳುವುದಿಲ್ಲ.

ಒಂದು ವಸ್ತುವಿಗೆ ಲಿಂಗ ಹಚ್ಚುವುದು ನಾವೇ ಅನ್ನೋದಕ್ಕೆ ನಮ್ಮೂರಲ್ಲೇ ಒಂದು ಕಥೆ ಇದೆ. ಅಜ್ಜಂಪುರ ಅಂದರೆ ಅಮೃತಮಹಲ್ ದನ. ಆ ತಳಿಯ ಸಂವರ್ಧನಾ ಕೇಂದ್ರ ನಮ್ಮಲ್ಲಿರುವುದು. ಮೈಸೂರು ಅರಸರ ಕಾಲದಲ್ಲಿ ಈ ಹಿಂಡಿಗೆ ಇದ್ದ ಹೆಸರು ‘ಬೆಣ್ಣೆ ಚಾವಡಿ’, ಅರಮನೆಗೆ ಹಾಲು ಬೆಣ್ಣೆ ಒದಗಿಸುವ ಇಲಾಖೆ. ಅದೇ ಹಿಂಡಿನ ಎತ್ತುಗಳು ಹೈದರ್ ಮತ್ತು ಟಿಪ್ಪುವಿನ ಸೈನ್ಯದ ಸಾಮಾನು, ಫಿರಂಗಿ ಎಳೆದವು. ಟಿಪ್ಪು ಹೆಸರು ಬದಲಿಸಿ ಅಮೃತಮಹಲ್ ಅಂದ. ಒಂದೇ ದೊಡ್ಡಿಯ ದನ, ಬೆಣ್ಣೆ ಕಡೆಯಿಂದ ನೋಡಿದರೆ ಒಂದು, ಯುದ್ಧದ ಕಡೆಯಿಂದ ನೋಡಿದರೆ ಇನ್ನೊಂದು. ಯಾವ ಪಟ್ಟಿಗೆ ಸೇರಿಸುತ್ತೀರಿ ಅನ್ನೋದು ದನದ ಕೈಯಲ್ಲಿಲ್ಲ.

ಹಾಗಾದರೆ ಮನುಷ್ಯರ ಮಕ್ಕಳು? ನನಗೆ ಈ ಇಡೀ ವಿಷಯದಲ್ಲಿ ಬಹಳ ಮುಖ್ಯ ಅನ್ನಿಸಿದ್ದು 2010ರ ಒಂದು ಅಧ್ಯಯನ. ವಸಂತಿ ಜಾದ್ವಾ, ಹೈನ್ಸ್ ಮತ್ತು ಸೂಸನ್ ಗೊಲೊಂಬೊಕ್ 12, 18 ಮತ್ತು 24 ತಿಂಗಳ ಕೂಸುಗಳಿಗೆ ಕಾರು ಮತ್ತು ಗೊಂಬೆಯ ಚಿತ್ರ ತೋರಿಸಿ, ಕಣ್ಣು ಯಾವುದರ ಮೇಲೆ ಎಷ್ಟು ಹೊತ್ತು ನಿಲ್ಲುತ್ತದೆ ಅಂತ ಅಳೆದರು. ಹುಡುಗರಿಗೆ ಹೋಲಿಸಿದರೆ ಹುಡುಗಿಯರು ಗೊಂಬೆಯನ್ನು ಹೆಚ್ಚು ನೋಡಿದರು, ಹುಡುಗಿಯರಿಗೆ ಹೋಲಿಸಿದರೆ ಹುಡುಗರು ಕಾರನ್ನು ಹೆಚ್ಚು ನೋಡಿದರು. ಪತ್ರಿಕೆಗಳಿಗೆ ಇಷ್ಟೇ ಸಾಕು. ಆದರೆ ಅದೇ ವರದಿಯ ಇನ್ನೆರಡು ಸಾಲು ಕೇಳಿ. ಬಣ್ಣದ ವಿಷಯದಲ್ಲಿ ಗಂಡು ಹೆಣ್ಣು ಭೇದವೇ ಕಾಣಲಿಲ್ಲ, ಎಲ್ಲರಿಗೂ ನೀಲಿಗಿಂತ ಕೆಂಪು ಛಾಯೆ ಇಷ್ಟ. ಮತ್ತು 12 ತಿಂಗಳ ಹುಡುಗರು, ಹೌದು ಹುಡುಗರು, ಕಾರಿಗಿಂತ ಗೊಂಬೆಯನ್ನೇ ಹೆಚ್ಚು ಹೊತ್ತು ನೋಡಿದರು.

ಅಂದರೆ ವ್ಯತ್ಯಾಸ ಮೊದಲ ಹುಟ್ಟುಹಬ್ಬದ ಹೊತ್ತಿಗೇ ಇದೆ, ಆದರೆ ಗೊಂಬೆ ಕಂಡರೆ ಮೂಗು ಮುರಿಯುವ ಗುಣ ಇಲ್ಲ. ‘ಸ್ವಲ್ಪ ಕಮ್ಮಿ ಇಷ್ಟ’ ಅನ್ನೋದು ಬೇರೆ, ‘ಛೀ, ಅದು ಹುಡುಗೀರ್ದು’ ಅನ್ನೋದು ಬೇರೆ. ಮೊದಲನೆಯದನ್ನು ಮಗು ಹೊಟ್ಟೆಯಿಂದಲೇ ತಂದಿರಬಹುದು. ಎರಡನೆಯದನ್ನು ಅದು ನಮ್ಮ ಮನೆಗೆ ಬಂದ ಮೇಲೆ ಕಲಿಯುತ್ತದೆ. ‘ಅವನೇ ತಾನಾಗಿ’ ಅನ್ನುವವರು ಈ ಎರಡನ್ನೂ ಒಂದೇ ಚೀಲಕ್ಕೆ ತುಂಬಿ ಗಂಟು ಕಟ್ಟುತ್ತಾರೆ. ನನ್ನ ಜಗಳ ಇರೋದು ಆ ಗಂಟಿನ ಜೊತೆ.

ಕಲಿಸುವುದು ಹೇಗೆ ಅಂತಲೂ ಪರೀಕ್ಷೆಗಳಿವೆ. 1978ರಲ್ಲಿ ಕ್ಯಾರೊಲಿನ್ ಸ್ಮಿತ್ ಮತ್ತು ಬಾರ್ಬರಾ ಲಾಯ್ಡ್ ಬ್ರಿಟನ್ನಿನಲ್ಲಿ 32 ತಾಯಂದಿರ ಕೈಗೆ ಆರು ತಿಂಗಳ ಕೂಸುಗಳನ್ನು ಕೊಟ್ಟರು, ಅವರದಲ್ಲದ ಕೂಸುಗಳನ್ನು. ಒಂದೇ ಕೂಸಿಗೆ ಒಮ್ಮೆ ಹುಡುಗನ ಬಟ್ಟೆ, ಹುಡುಗನ ಹೆಸರು; ಇನ್ನೊಮ್ಮೆ ಹುಡುಗಿಯದ್ದು. ತಾಯಂದಿರು ಬಟ್ಟೆ ನೋಡಿ ಆಟಿಕೆ ಎತ್ತಿಕೊಟ್ಟರು. ಕೂಸು ಇನ್ನೂ ಏನನ್ನೂ ಕೇಳಿರಲಿಲ್ಲ. ಅವರ್ಯಾರೂ ಕೆಟ್ಟವರಲ್ಲ, ಯಾರಿಗೂ ತಾವು ಏನನ್ನಾದರೂ ಕಲಿಸುತ್ತಿದ್ದೇವೆ ಅನ್ನುವ ಅರಿವೂ ಇರಲಿಕ್ಕಿಲ್ಲ. ಆಮೇಲೆ 1980ರಲ್ಲಿ ಜುಡಿತ್ ಲಾಂಗ್ಲೊಯ್ ಮತ್ತು ಕ್ರಿಸ್ ಡೌನ್ಸ್ ಮಾಡಿದ ಅಧ್ಯಯನದಲ್ಲಿ, ಗಂಡುಮಗ ಹೆಣ್ಣು ಆಟಿಕೆ ಹಿಡಿದರೆ ಮುಖ ಗಂಟಿಕ್ಕುವವರಲ್ಲಿ ಅಪ್ಪಂದಿರೇ ಮುಂದು ಅಂತ ಗೊತ್ತಾಯಿತು.

ಇದನ್ನೆಲ್ಲ ಓದುವಾಗ ನನಗೆ ಕಾಡಿದ್ದು ಬೇರೊಂದು ಕೊರತೆ. ಈ ಪ್ರಯೋಗಗಳಲ್ಲೆಲ್ಲ ಒಂದು ಕೋಣೆ, ಅದರೊಳಗೆ ಸಾಲಾಗಿ ಇಟ್ಟ ಆಟಿಕೆ, ಕೈ ಚಾಚಿದರೆ ಸಿಗುತ್ತದೆ. ತೊಂಬತ್ತರ ದಶಕದ ಅಜ್ಜಂಪುರದಲ್ಲಿ ನಮಗೆ ಆಟಿಕೆ ಹೀಗೆ ಸಾಲಾಗಿ ಸಿಗುತ್ತಿರಲಿಲ್ಲ. ಕೊಂಡ ಆಟಿಕೆ ಅಂದರೆ ವರ್ಷಕ್ಕೊಮ್ಮೆ ಜಾತ್ರೆಯದ್ದು. ಉಳಿದ ದಿನಕ್ಕೆ ನಾವೇ ಮಾಡಿಕೊಂಡದ್ದು. ಹುಡುಗರಿಗೆ ಹಳೇ ಸೈಕಲ್ ಟೈರು ಮತ್ತು ಕೋಲು, ಬುಗುರಿ, ಗೋಲಿ, ಚಿನ್ನಿದಾಂಡು. ನಮಗೆ ಐದು ಕಲ್ಲಿನ ಕಲ್ಲಾಟ, ಕುಂಟೆಬಿಲ್ಲೆ, ಹುಣಸೆಬೀಜ ಹಾಕಿ ಆಡುವ ಅಳಗುಳಿಮಣೆ, ಮಣ್ಣಿನ ಅನ್ನ, ಸೊಪ್ಪಿನ ಸಾರು.

ಈ ಎರಡು ಪಟ್ಟಿಯನ್ನು ಈಗ ಎದುರುಬದುರು ಇಟ್ಟು ನೋಡಿದರೆ ಒಂದು ವಿಷಯ ಕಣ್ಣಿಗೆ ಹೊಡೆಯುತ್ತದೆ. ಹುಡುಗರ ಆಟಕ್ಕೆ ಬೀದಿ ಬೇಕು. ಟೈರು ಓಡಿಸಿದರೆ ಮೂರು ಕೇರಿ ದಾಟಬೇಕು. ನಮ್ಮ ಆಟಕ್ಕೆ ಜಗುಲಿ ಸಾಕು, ಹೆಚ್ಚೆಂದರೆ ಅಂಗಳ. ಇನ್ನೊಂದು, ಹುಡುಗಿಯರ ಆಟ ಯಾವಾಗ ಬೇಕಾದರೂ ಅರ್ಧಕ್ಕೆ ಬಿಡಬಹುದಾದ ಆಟ. "ಬಾರೇ ಇಲ್ಲಿ, ಪಾಪು ಎತ್ಕೋ" ಅಂತ ಒಳಗಿಂದ ಕೂಗು ಬಂದರೆ ಐದು ಕಲ್ಲನ್ನು ಲಂಗದ ಗಂಟಿಗೆ ಕಟ್ಟಿಕೊಂಡು ಎದ್ದರಾಯಿತು. ಚಿನ್ನಿದಾಂಡು ಆಡುವವನನ್ನು ಹಾಗೆ ಕರೆಯುವಂತಿಲ್ಲ, ಅವನು ಕೂಗಿಗೆ ಸಿಗುವಷ್ಟು ಹತ್ತಿರ ಇರುವುದೇ ಇಲ್ಲ. ನಮ್ಮ ಓಣಿಯಲ್ಲಿ ಏಳು ವರ್ಷದ ಹುಡುಗಿಯರಿಗೆ ಗೊಂಬೆ ಯಾಕೆ ಬೇಕಿತ್ತು? ಸೊಂಟದ ಮೇಲೆ ನಿಜವಾದ ತಮ್ಮನೋ ತಂಗಿಯೋ ಇರುತ್ತಿತ್ತು. ನಮ್ಮಲ್ಲಿ ಆಟಿಕೆಯ ವ್ಯತ್ಯಾಸ ಅಂದರೆ ಎಷ್ಟು ದೂರ ಹೋಗಬಹುದು, ಎಷ್ಟು ಹೊತ್ತು ಹೋಗಬಹುದು ಅನ್ನುವ ವ್ಯತ್ಯಾಸ. ಇದನ್ನು ಯಾವ ಪ್ರಯೋಗಶಾಲೆಯ ಕೋಣೆಯಲ್ಲೂ ಅಳೆಯಲಾಗುವುದಿಲ್ಲ, ಯಾಕೆಂದರೆ ಅಲ್ಲಿ ಯಾರೂ ಯಾರನ್ನೂ ಒಳಗೆ ಕರೆಯುವುದಿಲ್ಲ.

ಪೇಟೆಯಿಂದ ಬರದ, ಡಬ್ಬಿ ಇಲ್ಲದ ಆಟಿಕೆಗಳಿಗೆ ಲಿಂಗ ಅಂಟುವುದು ಕಷ್ಟ ಅನ್ನೋದೂ ನಿಜ. ತರೀಕೆರೆ ಕಡೆ ತೋಟದಲ್ಲಿ ಬಿದ್ದ ಅಡಿಕೆ ಹಾಳೆ ಗೊತ್ತಲ್ಲ? ಒಬ್ಬರು ಕೂರಬೇಕು, ಒಬ್ಬರು ಎಳೆಯಬೇಕು. ಅದೂ ಗಾಡಿಯೇ. ಹುಡುಗಿ ಕೂತರೂ ನಡೀತದೆ, ಎಳೆದರೂ ನಡೀತದೆ. ಕಡೂರಿನ ಕಡೆ ತೆಂಗಿನ ಗರಿಯ ಪೀಪಿ, ಗರಿಯ ವಾಚು, ಗಿರಿಗಿಟ್ಲೆ. ಯಾರ ಮಗುವಿಗೂ ಅದನ್ನು ಬೇಡ ಅಂದಿದ್ದು ನೋಡಿಲ್ಲ. ಅದೇ ಮಗುವಿಗೆ ಐದು ವರ್ಷವಾದ ಮೇಲೆ ಗುಲಾಬಿ ಡಬ್ಬಿಯ ವಾಚು ಕೊಡಿ, ಗಲಾಟೆ ನೋಡಿ. ಬಾರ್ಬಿ ಬಂದದ್ದು 1959ರಲ್ಲಿ, ಹಾಟ್ ವೀಲ್ಸ್ 1968ರಲ್ಲಿ. ಎರಡೂ ಮ್ಯಾಟೆಲ್ ಎಂಬ ಒಂದೇ ಕಂಪನಿಯದ್ದು. ಅಣ್ಣನ ಆಟಿಕೆ ತಂಗಿಗೆ ಬರದಂತೆ ನೋಡಿಕೊಂಡರೆ ಒಂದೇ ಮನೆಗೆ ಎರಡು ಡಬ್ಬಿ ಮಾರಬಹುದು, ಇದಕ್ಕೆ ಹಾರ್ಮೋನು ಬೇಡ, ಲೆಕ್ಕ ಬಂದರೆ ಸಾಕು.

ನಮ್ಮ ಭಾಷೆಯೂ ಈ ವಿಷಯದಲ್ಲಿ ಗಮನಿಸುವಂತಿದೆ. ಕನ್ನಡದಲ್ಲಿ ಮಗು ನಪುಂಸಕಲಿಂಗ. ಮಗು ಆಡ್ತಿದೆ, ಮಗು ಅಳ್ತಿದೆ. ಚನ್ನಪಟ್ಟಣದ ಗಿಲಕಿಗೂ ಲಿಂಗವಿಲ್ಲ, ಅದನ್ನು ಅಲ್ಲಾಡಿಸುವ ಮಗುವಿಗೂ ಇಲ್ಲ. ಸ್ವಲ್ಪ ದೊಡ್ಡದಾದ ಮೇಲೆ ಶುರುವಾಗುತ್ತದೆ ಬಾರೋ, ಬಾರೇ. ಆದರೆ ಇಲ್ಲೊಂದು ಓರೆ ಇದೆ. ಮಗಳನ್ನು ಮುದ್ದಿನಿಂದ "ಬಾರೋ ಪುಟ್ಟಾ" ಅಂತ ಕರೆಯುವ ಅಪ್ಪಂದಿರು ಎಷ್ಟೋ ಜನ. ಅದು ಪ್ರೀತಿ, ಬಡ್ತಿ. ಮಗನನ್ನು "ಬಾರೇ" ಅಂದರೆ? ಅದು ಗೇಲಿ, ಹಿಂಬಡ್ತಿ. ಆಟಿಕೆಯಲ್ಲೂ ಥೇಟ್ ಇದೇ ವ್ಯಾಕರಣ. ಮಗಳು ಜೆಸಿಬಿ ಬೊಂಬೆ ಹಿಡಿದರೆ "ನಮ್ಮ ಹುಡುಗಿ ಗಟ್ಟಿ" ಅಂತ ಸ್ಟೇಟಸ್ ಹಾಕುತ್ತೇವೆ. ಮಗ ಗೊಂಬೆಗೆ ಜಡೆ ಹಾಕುತ್ತಿದ್ದರೆ ಫೋಟೋ ತೆಗೆಯುವವರು ಎಷ್ಟು ಜನ? ಲೆಗೊ ಕಂಪನಿ 2021ರಲ್ಲಿ ಏಳು ದೇಶಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ‘ಬೇರೆಯವರ’ ಆಟಿಕೆ ಆಡಿದರೆ ಜನ ನಗುತ್ತಾರೆ ಅನ್ನುವ ಭಯ ಹುಡುಗಿಯರಲ್ಲಿ ಶೇ. 42 ಮಂದಿಗೆ ಇತ್ತು, ಹುಡುಗರಲ್ಲಿ ಶೇ. 71 ಮಂದಿಗೆ.

ಹಾಗಾಗಿ ನಮ್ಮ ಪೀಳಿಗೆಯ ಐಟಿ ಅಪ್ಪ ಅಮ್ಮಂದಿರ ‘ಸಮಾನತೆ’ಯ ಬಗ್ಗೆಯೂ ನನಗೆ ಪೂರಾ ಸಮಾಧಾನವಿಲ್ಲ. ಮಗಳಿಗೆ ರೋಬೋಟ್ ಕಿಟ್ಟು, ಸರ್ಕ್ಯೂಟ್ ಬೋರ್ಡು, ಫುಟ್‌ಬಾಲ್ ಶೂ. ಒಳ್ಳೇದೇ. ಮಗನಿಗೆ? ಅದೇ ರೋಬೋಟ್ ಕಿಟ್ಟು. ಅಂದರೆ ಹುಡುಗರ ಆಟಿಕೆ ‘ಎಲ್ಲರ ಆಟಿಕೆ’ ಆಯಿತು, ಹುಡುಗಿಯರ ಆಟಿಕೆ ‘ಯಾರಿಗೂ ಬೇಡದ ಆಟಿಕೆ’ ಆಯಿತು. ಗೊಂಬೆಗೆ ಸ್ನಾನ ಮಾಡಿಸಿ, ಹೊದಿಸಿ, ಮಲಗಿಸುವ ಆಟದಲ್ಲಿ ಕಲಿಯುವಂಥದ್ದು ಏನೂ ಇಲ್ಲ ಅಂತ ನಾವೇ ತೀರ್ಪು ಕೊಟ್ಟಂತಾಯಿತು. ಗೊಂಬೆಯನ್ನು ಕೀಳು ಮಾಡಿ ಸಾಧಿಸುವ ಸಮಾನತೆ ಎಂಥದ್ದು?

ಈಗ ತರೀಕೆರೆಯ ವಿಷಯ ಹೇಳಬೇಕು. ಅಕ್ಕನನ್ನು ಕೊಟ್ಟಿರುವುದು ಅಲ್ಲಿಗೆ, ತೋಟದ ಮನೆ. ಅವಳ ಮಗನಿಗೆ ಆಗ ಮೂರೂವರೆ ವರ್ಷ. ನಾನು ತಂದ ಸಾಮಾನುಗಳಲ್ಲಿ ಒಂದು ಪುಟ್ಟ ಅಡುಗೆ ಸೆಟ್ಟಿತ್ತು. ಅವನು ಬೇರೆ ಯಾವುದನ್ನೂ ಮುಟ್ಟಲಿಲ್ಲ. ಒಲೆ ಹಚ್ಚಿದ, ಟೀ ಕಾಯಿಸಿದ, ಮನೆಯವರಿಗೆಲ್ಲ ತಂದುಕೊಟ್ಟ. ಅಕ್ಕನ ಮಾವನವರು ಜಗುಲಿಯಲ್ಲಿ ಕೂತು, ಖಾಲಿ ಲೋಟದಿಂದ ಎರಡು ಸಲ ಸೊರ್ ಅಂತ ಟೀ ಹೀರಿ, "ಸಕ್ಕರೆ ಜಾಸ್ತಿ ಆಯ್ತಲ್ಲೋ" ಅಂತ ನಕ್ಕರು. ಮೊಮ್ಮಗ ಖುಷಿಯಿಂದ ಮತ್ತೆ ಒಳಗೆ ಓಡಿದ. ಅಷ್ಟರಲ್ಲಿ ಅಡಿಕೆ ವ್ಯಾಪಾರದ ಮಾತಿಗೆ ಅಂತ ಇಬ್ಬರು ಬಂದರು. ಇವನು ಅವರಿಗೂ ಟೀ ತಂದ. ಬಂದವರಲ್ಲಿ ಒಬ್ಬರು ನಕ್ಕು, "ಏನ್ ಗೌಡ್ರೇ, ಮೊಮ್ಮಗಳಾ?" ಅಂದರು. ಮಾವನವರ ಮುಖ ಬದಲಾಯಿತು. "ಲೋ, ಒಳಗಿಡೋ ಅದನ್ನ. ಹೆಣ್ಣುಡುಗ್ರ ಥರ ಏನೋ ಅದು."

ಗದರಲಿಲ್ಲ, ಹೊಡೆಯಲಿಲ್ಲ, ಇಷ್ಟೇ ಅಂದದ್ದು. ಸಂಜೆ ಹುಡುಗ ಎಲ್ಲಿ ಅಂತ ಹುಡುಕಿದರೆ ಮಂಚದ ಕೆಳಗೆ ಕೂತು ಟೀ ಕಾಯಿಸುತ್ತಿದ್ದ. "ಚಿಕ್ಕೀ, ಅಜ್ಜಂಗೆ ಹೇಳ್ಬೇಡ" ಅಂದ. ನಾನು ಅಕ್ಕನ ಹತ್ತಿರ ಸಿಡುಕಿದೆ. "ಬಿಡೇ, ಅವರ ಕಾಲದವ್ರು ಹಂಗೇ" ಅಂದಳು.

ಮಾವನವರು ದುಷ್ಟರಲ್ಲ, ಅದೇ ಇಲ್ಲಿಯ ತೊಡಕು. ನೋಡುವವರು ಬರುವ ತನಕ ಆ ಆಟದಲ್ಲಿ ಅವರಿಗೂ ಸಂತೋಷವಿತ್ತು. ಇನ್ನೂ ಒಂದು ಮಾತು. ಅಡಿಕೆ ಕೊಯ್ಲಿನ ಕಾಲದಲ್ಲಿ ಆ ಮನೆಗೆ ಹೋಗಿ ನೋಡಬೇಕು. ಹೆಂಗಸರು ಸಾಲಾಗಿ ಕೂತು ಅಡಿಕೆ ಸುಲಿಯುತ್ತಿರುತ್ತಾರೆ. ದೊಡ್ಡ ಹಂಡೆಯಲ್ಲಿ ಅಡಿಕೆ ಬೇಯುತ್ತಿರುತ್ತದೆ. ಉರಿ ಎಷ್ಟಿರಬೇಕು, ಚೊಗರು ಎಷ್ಟು ಹಾಕಬೇಕು, ಯಾವಾಗ ತೆಗೆಯಬೇಕು ಅಂತ ಹಂಡೆಯ ಮುಂದೆ ನಿಂತು ಹದ ನೋಡುವವರು ಇದೇ ಮಾವನವರು. ಮದುವೆ ಮನೆಯಲ್ಲಿ ಸಾವಿರ ಜನಕ್ಕೆ ಸಾರು ಮಾಡುವವರು ಗಂಡಸರು. ಬಿ.ಎಚ್. ರಸ್ತೆಯುದ್ದಕ್ಕೂ ಕಡೂರು, ಬೀರೂರು, ತರೀಕೆರೆಯ ಹೋಟೆಲುಗಳಲ್ಲಿ ದೋಸೆ ಹುಯ್ಯುವವರು ಹೆಚ್ಚಾಗಿ ಗಂಡಸರು. ಹಂಡೆ, ಸೌಟು, ಕಾವಲಿ ಇವ್ಯಾವುದಕ್ಕೂ ಅಲ್ಲಿ ಹೆಣ್ಣಿನ ವಾಸನೆ ಬರುವುದಿಲ್ಲ. ದುಡ್ಡು ಬರುವ ಒಲೆ ಗಂಡು, ದುಡ್ಡು ಬಾರದ ಒಲೆ ಹೆಣ್ಣು. ಮೂರೂವರೆ ವರ್ಷದವನ ಪ್ಲಾಸ್ಟಿಕ್ ಒಲೆಯಲ್ಲಿ ದುಡ್ಡು ಬರುವುದಿಲ್ಲ ಅನ್ನೋದೇ ಅವನ ತಪ್ಪು.

ಗಾಡಿಯ ಕಥೆಯೂ ಹೀಗೇ. ಅಂತರಘಟ್ಟೆ ದುರ್ಗಾಂಬೆಯ ಜಾತ್ರೆಗೆ ನಮ್ಮ ಕಡೆಯ ಊರುಗಳಿಂದ ಎತ್ತಿನ ಗಾಡಿ ಸಿಂಗರಿಸಿಕೊಂಡು ಹೋಗುತ್ತಾರೆ. ಆ ಗಾಡಿಯ ಮುಂದೆ ಹಗ್ಗ ಹಿಡಿದು ನಿಲ್ಲುವವರು ಗಂಡಸರು, ಹಿಂದೆ ಕೂರುವವರು ಹೆಂಗಸರು ಮಕ್ಕಳು. ಅದನ್ನು ನೋಡಿದ ಗಂಡುಮಗು ಜಾತ್ರೆಯಲ್ಲಿ ಗಾಡಿ ಬೇಕು ಅಂತ ಅತ್ತರೆ, ಅದು ಕೇಳುತ್ತಿರುವುದು ಬರೀ ಚಕ್ರವನ್ನಾ, ಅಥವಾ ಆ ಮುಂದಿನ ಜಾಗವನ್ನಾ? ಚಕ್ರದ ಆಸೆಯಲ್ಲಿ ಹುಟ್ಟುಗುಣ ಒಂದಷ್ಟು ಇರಬಹುದು. ಮುಂದಿನ ಜಾಗ ಯಾರದ್ದು ಅನ್ನೋದು ಮಾತ್ರ ಜಾತ್ರೆಯಲ್ಲಿ ನೋಡಿ ಕಲಿತದ್ದು.

ಅಜ್ಜಂಪುರದಿಂದ ತುಸು ದೂರದಲ್ಲೇ, ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ 1196ರಲ್ಲಿ ಕಟ್ಟಿದ ಅಮೃತೇಶ್ವರ ದೇವಸ್ಥಾನವಿದೆ. ಹೊರಗೋಡೆಯ ಮೇಲೆ ರಾಮಾಯಣ, ಮಹಾಭಾರತದ ಜೊತೆಗೆ ಕೃಷ್ಣನ ಬಾಲ್ಯದ ಕಥೆಯೂ ಇದೆ. ಆ ಬಾಲ್ಯದಲ್ಲಿ ನಮಗೆಲ್ಲ ನೆನಪಿರುವುದು ಎರಡು. ಕಾಲಿಂದ ಒದ್ದು ಬಂಡಿ ಉರುಳಿಸಿದ್ದು, ಕೈ ಹಾಕಿ ಗಡಿಗೆಯ ಬೆಣ್ಣೆ ಕದ್ದದ್ದು. ಪ್ರಯೋಗಶಾಲೆಯ ಪಟ್ಟಿಯಲ್ಲಿ ಒಂದು ಗಂಡು ಆಟಿಕೆ, ಒಂದು ಹೆಣ್ಣು ಆಟಿಕೆ. ಯಶೋದೆ ಅವನನ್ನು ಗದರಿದ್ದು ಕದ್ದದ್ದಕ್ಕೆ. ಗಡಿಗೆ ಮುಟ್ಟಿದ್ದಕ್ಕಲ್ಲ.

ಇಷ್ಟೆಲ್ಲ ಯಾಕೆ, ಆಟಿಕೆ ತಾನೇ ಅನ್ನಬಹುದು. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆ ನೋಡಿ. ಸಂಬಳವಿಲ್ಲದ ಮನೆಗೆಲಸದಲ್ಲಿ ದಿನಕ್ಕೆ ಹೆಂಗಸರು 299 ನಿಮಿಷ ಕಳೆಯುತ್ತಿದ್ದರು, ಗಂಡಸರು 97. ಅದೂ ಕೆಲಸ ಮಾಡುವ ಗಂಡಸರ ಲೆಕ್ಕ. ಸಮೀಕ್ಷೆಯ ದಿನ ಮನೆಗೆಲಸಕ್ಕೆ ಕೈ ಹಾಕಿದ ಗಂಡಸರೇ ನಾಲ್ಕರಲ್ಲಿ ಒಬ್ಬರು. ಹುಡುಗನಿಗೆ ಅಡುಗೆ ಸೆಟ್ಟು ಕೊಟ್ಟ ತಕ್ಷಣ ಈ ಅಂಕಿ ಸರಿಹೋಗುತ್ತದೆ ಅಂತ ನಾನು ಹೇಳುತ್ತಿಲ್ಲ, ಹಾಗೆ ಹೇಳಲು ಆಧಾರವೂ ಇಲ್ಲ. ಆದರೆ ಇನ್ನೊಬ್ಬರಿಗೆ ಟೀ ಕಾಯಿಸಿ ಕೊಡುವ ಆಸೆ ಒಬ್ಬ ಮನುಷ್ಯನಲ್ಲಿ ತಾನಾಗಿ ಹುಟ್ಟಿದ್ದಾಗ, ಅದನ್ನು ಮಂಚದ ಕೆಳಗೆ ತಳ್ಳಿ, ಇಪ್ಪತ್ತೈದು ವರ್ಷದ ನಂತರ "ಗಂಡಸರಿಗೆ ಅಡುಗೆಮನೆ ಕೆಲಸ ಹುಟ್ಟಿನಿಂದಲೇ ಆಗಿಬರಲ್ಲ" ಅಂತ ಅನ್ನುವುದು ಸುಳ್ಳು. ಹುಟ್ಟಿನಿಂದಲೇ ಅನ್ನುವವರು ಕನಿಷ್ಠ ಹುಟ್ಟಿದ್ದನ್ನು ಬೆಳೆಯಲು ಬಿಡಬೇಕು.

ಎಲ್ಲರಿಗೂ ಒಂದೇ ಬಣ್ಣದ ಮರದ ಆಟಿಕೆ ಕೊಡಿ ಅಂತ ಉಪದೇಶ ಮಾಡುವ ಉದ್ದೇಶ ನನಗಿಲ್ಲ. ಮಗ ಹತ್ತು ಕಾರು ಸಾಲಾಗಿ ನಿಲ್ಲಿಸಿದರೆ ನಿಲ್ಲಿಸಲಿ. ಮಗಳಿಗೆ ಗೊಂಬೆ ಪ್ರಾಣವಾದರೆ ಇರಲಿ, ರೋಬೋಟ್ ಕಿಟ್ಟು ತೋರಿಸಿ ಪೀಡಿಸುವುದೂ ಬೇಡ. ಕ್ಯಾಲಿಫೋರ್ನಿಯಾದಲ್ಲಿ 500 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ದೊಡ್ಡ ಅಂಗಡಿಗಳು ಲಿಂಗಭೇದವಿಲ್ಲದ ಆಟಿಕೆ ವಿಭಾಗ ಇಡಬೇಕು ಅಂತ 2024ರಿಂದ ಕಾನೂನೇ ಇದೆ. ಕಡೂರಿನ ಜಾತ್ರೆಗೆ ಅಂಥ ಕಾನೂನಿನ ಅಗತ್ಯವೇ ಇಲ್ಲ, ಅಲ್ಲಿ ಟಾರ್ಪಾಲಿನ ಮೇಲೆ ಎಲ್ಲವನ್ನೂ ಒಟ್ಟಿಗೇ ಸುರಿದಿರುತ್ತಾರೆ. ಅಂಗನವಾಡಿಯಲ್ಲೂ ಅಷ್ಟೇ. ಆಟಿಕೆ ಕಮ್ಮಿ, ಮಕ್ಕಳು ಜಾಸ್ತಿ, ಹಾಗಾಗಿ ಒಂದೇ ಪಾತ್ರೆಯಲ್ಲಿ ನಾಲ್ಕು ಜನ ಕೈಯಾಡಿಸುತ್ತಿರುವುದನ್ನು ಎಷ್ಟೋ ಸಲ ನೋಡಿದ್ದೇನೆ. ಅಡ್ಡ ಬರುವವರು ದೊಡ್ಡವರು.

ಆದ್ದರಿಂದ ನಾನು ಮಾಡುತ್ತಿರುವುದು ತೀರಾ ಸಣ್ಣ ಕೆಲಸ. "ಗಂಡ್ಮಗೂಗಾ, ಹೆಣ್ಮಗೂಗಾ?" ಅಂತ ಅಂಗಡಿಯವರು ಕೇಳಿದಾಗ ನಾನು "ಮೂರು ವರ್ಷದ ಮಗೂಗೆ" ಅಂತ ಉತ್ತರ ಕೊಡುತ್ತೇನೆ. ಅವರು ಒಂದು ಕ್ಷಣ ತಡವರಿಸಿ, ಆಮೇಲೆ ಕಾರು, ಗೊಂಬೆ, ಡೋಲು, ಅಡುಗೆ ಸೆಟ್ಟು ಎಲ್ಲವನ್ನೂ ಮುಂದೆ ಹಾಕುತ್ತಾರೆ. ಮಗು ಜೊತೆಗಿದ್ದರೆ ಇನ್ನೂ ಒಳ್ಳೆಯದು. ಐದು ನಿಮಿಷ ಬಾಯಿ ಮುಚ್ಚಿಕೊಂಡು ನಿಂತುಕೊಳ್ಳಿ, ಅದು ಏನು ಎತ್ತಿಕೊಳ್ಳುತ್ತೆ ನೋಡಿ, ಎತ್ತಿಕೊಂಡದ್ದಕ್ಕೆ ದುಡ್ಡು ಕೊಡಿ. ಮನೆಗೆ ಯಾರಾದರೂ ಬಂದಾಗ ಅದನ್ನು ಒಳಗಿಡು ಅನ್ನಬೇಡಿ.